ಗಾಡಿ ಓಟದ ಟೈಮರಿಗೆ ಕೈಜೋಡಿಸಿದ ಎಲ್ಲರಿಗೂ

ಮೊನ್ನೆ ಕ್ರಿಸ್‌ಮಸ್ ರಜೆಯಲ್ಲಿ ನಮ್ಮೂರ ವಾಚನಾಲಯದ ಮಕ್ಕಳ ಗಾಡಿ ಓಟ ಮುಗಿಯಿತು. 42 ಗಾಡಿ, 42 ಓಟ, ಆಮೇಲೆ ಫೈನಲ್. ಬೆಳಿಗ್ಗೆ ಹತ್ತಕ್ಕೆ ಶುರುವಾದದ್ದು ಸಂಜೆ ನಾಲ್ಕೂವರೆಗೆ ಮುಗಿಯಿತು. ಟೈಮರ್ ಒಮ್ಮೆಯೂ ನಿಲ್ಲಲಿಲ್ಲ. ಒಂದೇ ಒಂದು ತಕರಾರು ಬರಲಿಲ್ಲ. ರಾತ್ರಿ ಊಟಕ್ಕೆ ಕೂತರೆ ಅನ್ನ ಗಂಟಲಿಗೆ ಇಳಿಯಲಿಲ್ಲ, ಅಷ್ಟು ಸಂತೋಷ. ಎರಡು ವರ್ಷದ ಕೆಲಸ ಅದು. ನನ್ನೊಬ್ಬನದ್ದಲ್ಲ. ಯಾರು ಯಾರದ್ದು ಎಂದು ಹೇಳದೆ ಇದ್ದರೆ ನನಗೆ ಸಮಾಧಾನ ಆಗುವುದಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಕಾಸರಗೋಡಿನ ಬದಿಯಡ್ಕ ಪೇಟೆಯಿಂದ ಒಳಗೆ ನಮ್ಮೂರು. ನನ್ನದು ಟೀವಿ, ಮಿಕ್ಸಿ ರಿಪೇರಿ ಅಂಗಡಿ. ನಮ್ಮ ಮಕ್ಕಳು ಮರದ ತುಂಡಿನಲ್ಲಿ ಒಂದು ಗೇಣುದ್ದದ ಕಾರು ಮಾಡುತ್ತಾರೆ. ಚಕ್ರ ಹೆಚ್ಚಾಗಿ ಹಳೇ ಹವಾಯಿ ಚಪ್ಪಲಿಯದ್ದು. ಮೋಟರ್ ಇಲ್ಲ, ಬ್ಯಾಟರಿ ಇಲ್ಲ. ಇಳಿಜಾರಿನ ಮೇಲಿಂದ ಬಿಟ್ಟರೆ ತನ್ನ ತೂಕದಲ್ಲೇ ಓಡಬೇಕು. ಅಮೆರಿಕದಲ್ಲಿ ಸ್ಕೌಟ್ ಮಕ್ಕಳು 1953ರಿಂದ ಪೈನ್‌ವುಡ್ ಡರ್ಬಿ ಎಂದು ಇದನ್ನೇ ಆಡುತ್ತಾರೆ. ಅಲ್ಲಿ ಕಾರಿನ ತೂಕ 5 ಔನ್ಸ್, ಅಂದರೆ ಸುಮಾರು 142 ಗ್ರಾಂ ದಾಟಬಾರದು. ನಾವು 150 ಗ್ರಾಂ ಇಟ್ಟುಕೊಂಡಿದ್ದೇವೆ. ಪೈನ್ ಮರ ನಮ್ಮಲ್ಲಿ ಎಲ್ಲಿಂದ ಬರಬೇಕು? ಹಲಸು, ಮಾವು, ಮನೆಯಲ್ಲಿ ಸಿಕ್ಕಿದ್ದು. ಓಡುವ ದಾರಿ 32 ಅಡಿ, ಮೂರು ಲೇನು, ಶುರುವಿನಲ್ಲಿ ನಾಲ್ಕಡಿ ಎತ್ತರ. ಮಕ್ಕಳ ಬಾಯಲ್ಲಿ ಆ ದಾರಿಗೆ ‘ಕರೆ’ ಎಂದೇ ಹೆಸರು. ಮುಗಿಯುವ ತುದಿಗೆ ‘ಮಂಜೊಟ್ಟಿ’. ಪೈವಳಿಕೆಯ ಕಂಬಳ ನೋಡಿ ಬೆಳೆದ ಮಕ್ಕಳಲ್ವಾ.

ಮೊದಲ ವಂದನೆ ಒಬ್ಬಳು ಹುಡುಗಿಗೆ. ಹೆಸರು ಹಾಕಬೇಡಿ ಎಂದಿದ್ದಾಳೆ, ಹಾಕುವುದಿಲ್ಲ.

ಎರಡು ವರ್ಷದ ಹಿಂದೆ, ಮೊದಲ ಸಲದ ಓಟದಲ್ಲಿ ನಾನು ತೀರ್ಪುಗಾರ. ಲೇನಿಗೆ ಒಬ್ಬರಂತೆ ಮೂವರು ಫೋನಿನ ಸ್ಟಾಪ್‌ವಾಚ್ ಹಿಡಿದು ನಿಂತಿದ್ದೆವು. ಫೈನಲಿನಲ್ಲಿ ಎರಡು ಕಾರು ಒಟ್ಟೊಟ್ಟಿಗೆ ಬಂದವು. ನಾನು ಒಂದನೇ ಲೇನು ಎಂದು ಕೂಗಿದೆ. ಈ ಹುಡುಗಿ ಆಗ ಎಂಟನೇ ಕ್ಲಾಸು. ಹತ್ತಿರ ಬಂದು ಮೆಲ್ಲ ಹೇಳಿದಳು, “ಮಾಮ, ನನ್ನದು ಮೊದಲು ಬಂತು.” ಅಳಲಿಲ್ಲ, ಜಗಳ ಮಾಡಲಿಲ್ಲ. ನಾನು “ಸುಮ್ನೆ ಕೂತ್ಕೋ, ಮುಗೀತು” ಎಂದುಬಿಟ್ಟೆ. ಅವಳು ಕಾರು ಎತ್ತಿಕೊಂಡು ಹೋಗಿ ಕೂತಳು.

ಆ ರಾತ್ರಿ ನಿದ್ರೆ ಬರಲಿಲ್ಲ. ಮರುದಿನ ಯಾರದೋ ಫೋನಿನ ವಿಡಿಯೊ ಹಾಕಿಸಿಕೊಂಡು ನೋಡಿದೆ. ಸೆಕೆಂಡಿಗೆ 30 ಚಿತ್ರದ ವಿಡಿಯೊ. ಮಂಜೊಟ್ಟಿಯ ಹತ್ತಿರ ಕಾರು ಸೆಕೆಂಡಿಗೆ ನಾಲ್ಕು ಮೀಟರಿನಂತೆ ಓಡುತ್ತದೆ. ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ 13 ಸೆಂಟಿಮೀಟರ್ ದಾಟಿ ಆಗಿರುತ್ತದೆ. ಒಂದು ಚಿತ್ರದಲ್ಲಿ ಎರಡೂ ಗೆರೆಯ ಹಿಂದೆ, ಮುಂದಿನದ್ದರಲ್ಲಿ ಎರಡೂ ಗೆರೆಯ ಆಚೆ. ಸ್ಟಾಪ್‌ವಾಚಿನ ಕಥೆ ಇನ್ನೂ ಕಷ್ಟ. ಕಣ್ಣು ಕಂಡು ಬೆರಳು ಒತ್ತಲು ಸುಮಾರು ಸೆಕೆಂಡಿನ ಐದನೇ ಒಂದು ಪಾಲು ಬೇಕು. ಅಷ್ಟರಲ್ಲಿ ಕಾರು ಮುಕ್ಕಾಲು ಮೀಟರ್ ಮುಂದೆ. ಅವಳು ಹೇಳಿದ್ದು ಸರಿಯೋ ನಾನು ಹೇಳಿದ್ದು ಸರಿಯೋ, ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಕೂಗಿದೆ. ಮಗಾ, ಅದಕ್ಕೆ ಇಲ್ಲಿ ಎಲ್ಲರೆದುರು ಕ್ಷಮೆ ಕೇಳುತ್ತೇನೆ. ನೀನು ಬಂದು ಆ ಮಾತು ಹೇಳದೆ ಇದ್ದರೆ ನಾನು ಟೈಮರ್ ಮಾಡಲು ಹೊರಡುತ್ತಲೇ ಇರಲಿಲ್ಲ.

ಕಂಬಳದಲ್ಲಿ ಈಗ ಲೇಸರ್ ಬೀಮ್ ಇಟ್ಟು ಸಮಯ ಹಿಡಿಯುತ್ತಾರೆ, ಸೆಕೆಂಡಿನ ನೂರನೇ ಪಾಲಿನವರೆಗೆ. ನಾವೂ ಹಾಗೇ ಮಾಡಿದರಾಯಿತು ಎಂದುಕೊಂಡೆ. ಅಂಗಡಿಯಲ್ಲಿದ್ದ ಆಟದ ಲೇಸರ್, ಬೆಳಕು ಬಿದ್ದದ್ದು ತಿಳಿಯಲು ಒಂದು ಎಲ್‌ಡಿಆರ್, ಅಂದರೆ ಬೆಳಕಿಗೆ ತಕ್ಕಂತೆ ಕರೆಂಟನ್ನು ಹೆಚ್ಚುಕಮ್ಮಿ ಬಿಡುವ ಬಿಡಿಭಾಗ. ಕೈ ಅಡ್ಡ ಹಿಡಿದರೆ ಚೆನ್ನಾಗಿ ಕೆಲಸ ಮಾಡಿತು. ಕಾರು ಬಿಟ್ಟರೆ ಕೆಲವೊಮ್ಮೆ ಹಿಡಿಯಿತು, ಕೆಲವೊಮ್ಮೆ ಇಲ್ಲ. ಗೇಣುದ್ದದ ಕಾರು ಬೆಳಕನ್ನು ಮರೆಮಾಡುವುದು ಸೆಕೆಂಡಿನ 25ನೇ ಒಂದು ಪಾಲು ಅಷ್ಟೇ. ಎಲ್‌ಡಿಆರಿಗೆ ಕತ್ತಲಾಯಿತು ಎಂದು ತಿಳಿಯಲಿಕ್ಕೇ ಹೆಚ್ಚುಕಮ್ಮಿ ಅಷ್ಟು ಹೊತ್ತು ಬೇಕು.

ಆಮೇಲೆ ಟೀವಿಗಳ ರಿಮೋಟ್ ರಿಸೀವರ್ ತೆಗೆದೆ. ಟಿಎಸ್‌ಒಪಿ 1738, ನನ್ನ ಡಬ್ಬದಲ್ಲಿ ಬೇಕಾದಷ್ಟು ಇದ್ದವು. ಮೂವತ್ತು ವರ್ಷದಿಂದ ಬದಲಾಯಿಸುತ್ತಾ ಬಂದ ವಸ್ತು, ಇದರ ಗುಣ ನನಗೆ ಗೊತ್ತಿಲ್ವಾ ಎಂಬ ಧೈರ್ಯ. ರಿಮೋಟಿನ ಹಾಗೆ ಸೆಕೆಂಡಿಗೆ 38 ಸಾವಿರ ಸಲ ಮಿನುಗುವ ಬೆಳಕು (38 ಕಿಲೋಹರ್ಟ್ಸ್) ಕೊಟ್ಟೆ, ಒಂದು ಕ್ಷಣ ಹಿಡಿಯಿತು, ಮತ್ತೆ ತನ್ನಷ್ಟಕ್ಕೇ ಬಿಟ್ಟಿತು. ಒಂದು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ಗೊತ್ತಾಯಿತು. ರಿಮೋಟ್ ಬಿಟ್ಟು ಬಿಟ್ಟು ಮಾತಾಡುತ್ತದೆ. ಆ ರಿಸೀವರ್ ಇರುವುದು ಅಂಥ ಮಾತಿಗೆ. ಬಿಡದೆ ಬರುವ ಸಿಗ್ನಲನ್ನು ಅದು ಗಲಾಟೆ ಎಂದು ತಿಳಿದು ಕಿವಿ ಮುಚ್ಚಿಕೊಳ್ಳುತ್ತದೆ. ಅಲ್ಲಿಗೆ ಅದನ್ನೂ ಬಿಟ್ಟು ಐಆರ್ (ಇನ್‌ಫ್ರಾರೆಡ್) ಎಲ್‌ಇಡಿ ಮತ್ತು ಅದರ ಬೆಳಕು ಬಿದ್ದರೆ ಕರೆಂಟು ಬಿಡುವ ಫೋಟೋಟ್ರಾನ್ಸಿಸ್ಟರಿಗೆ ಬಂದೆ. ಆ ಎಲ್‌ಇಡಿಯ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಫೋನಿನ ಕ್ಯಾಮರಾ ಹಿಡಿದರೆ ನೇರಳೆ ಬಣ್ಣದ ಚುಕ್ಕೆ ಕಾಣುತ್ತದೆ. ಉರಿಯುತ್ತಾ ಇದೆಯೋ ಇಲ್ಲವೋ ಎಂದು ನೋಡುವುದು ಹಾಗೆ.

ಸರ್ಕ್ಯೂಟು ನನಗೆ ಗೊತ್ತು. ಪ್ರೋಗ್ರಾಮು ಬರೆದವಳು ನನ್ನ ಅಕ್ಕನ ಮಗಳು. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಪ್ರೋಗ್ರಾಮು ಹಾಕಿ ನಡೆಸುವ ಆರ್ಡುಯಿನೊ ಊನೊ ಎಂಬ ಪುಟ್ಟ ಬೋರ್ಡು ತಂದುಕೊಟ್ಟದ್ದೂ ಅವಳೇ. ಅದರ ಮೇಲಿರುವ ಎಟಿಮೆಗಾ 328 ಐಸಿ ಸೆಕೆಂಡಿಗೆ 1 ಕೋಟಿ 60 ಲಕ್ಷ ಸಲ ಮಿಡಿಯುತ್ತದೆ. ಅದರಲ್ಲಿ ನಾಲ್ಕು ನಾಲ್ಕು ಮೈಕ್ರೋಸೆಕೆಂಡಿನ ಹೆಜ್ಜೆಯಲ್ಲಿ ಸಮಯ ಎಣಿಸಬಹುದು. ಶುರುವಿನ ಗೇಟಿಗೆ ಹಳೇ ಮೈಕ್ರೋವೇವ್ ಒಲೆಯ ಬಾಗಿಲಿನ ಸ್ವಿಚ್ಚು ಹಾಕಿದೆ. ಗೇಟು ಬಿದ್ದ ತಕ್ಷಣ ಎಣಿಕೆ ಶುರು. ಪ್ರತಿ ಲೇನಿನ ಸೆನ್ಸರಿನ ವಯರು ಬೋರ್ಡಿನ ಒಂದೊಂದು ಪಿನ್ನಿಗೆ.

ಒಂದು ರಾತ್ರಿ ಫೋನಿನಲ್ಲಿ ನಡೆದ ಮಾತು ಹಾಗೇ ನೆನಪಿದೆ.

“ಮಾವ, ಒಂದೊಂದೇ ಪಿನ್ನು ಓದುವುದು ಬೇಡ. ಒಂದನೇ ಲೇನಿಗೆ ಲಾಭ ಆಗ್ತದೆ.”

“ಎಷ್ಟು ಲಾಭ?”

“ನಾಲ್ಕೈದು ಮೈಕ್ರೋಸೆಕೆಂಡ್.”

“ಅದೆಂತ ದೊಡ್ಡದು ಮಾರಾಯ್ತಿ?”

“ದೊಡ್ಡದಲ್ಲ. ಆದ್ರೆ ಯಾಕೆ ಕೊಡ್ಬೇಕು?”

ಮೂರು ಸೆನ್ಸರುಗಳನ್ನು ಒಂದೇ ಪೋರ್ಟಿನ, ಅಂದರೆ ಒಂದೇ ಗುಂಪಿನ, ಪಿನ್ನುಗಳಿಗೆ ಸೇರಿಸಿ, ಮೂರನ್ನೂ ಒಂದೇ ಸಲ ಓದುವ ಹಾಗೆ ಬರೆದಳು. ಬೋರ್ಡಿನ ಗಡಿಯಾರ ಸ್ವಲ್ಪ ಮುಂದೆ ಹಿಂದೆ ಇದ್ದರೂ ಮೂರೂ ಲೇನಿಗೆ ಇರುವುದು ಅದೊಂದೇ ಗಡಿಯಾರ. ಲೇನಿನಲ್ಲೇ ಹೆಚ್ಚುಕಮ್ಮಿ ಇದ್ದರೆ ಎಂದು ಪ್ರತಿ ಕಾರನ್ನೂ ಮೂರು ಲೇನಿನಲ್ಲಿ ಒಂದೊಂದು ಸಲ ಓಡಿಸಿ ಒಟ್ಟು ಕೂಡಿಸುವ ಕ್ರಮ ತಂದದ್ದೂ ಅವಳೇ. “ಯಾಕೆ ಕೊಡ್ಬೇಕು” ಎಂಬ ಆ ಮಾತು ನನಗೆ ಆಮೇಲೆ ಎಲ್ಲ ಕೆಲಸದಲ್ಲೂ ನೆನಪಾಗುತ್ತಿತ್ತು. ಪುಟ್ಟಿ, ನಿನಗೆ ಹೇಗೆ ಥ್ಯಾಂಕ್ಸ್ ಹೇಳುವುದು ನನಗೆ ಗೊತ್ತಿಲ್ಲ.

ಕರೆ ಮಾಡಿಕೊಟ್ಟ ಆಚಾರ್ಯರ ಬಗ್ಗೆ ಬರೆದಷ್ಟೂ ಕಡಿಮೆ. ಎಂಟಡಿಯ ಪ್ಲೈವುಡ್ ಶೀಟು ಸೀಳಿ ನಾಲ್ಕು ತುಂಡು ಜೋಡಿಸಿದರು. ಕಾರು ಆಚೀಚೆ ಹೋಗದಂತೆ ಪ್ರತಿ ಲೇನಿನ ನಡುವೆ ಒಂದು ರೀಪು, ಚಕ್ರಗಳು ಅದರ ಎರಡೂ ಬದಿಗೆ. ತುಂಡು ತುಂಡು ಸೇರುವ ಜಾಗದಲ್ಲಿ ಉಗುರಿನಿಂದ ಸವರಿ ನೋಡುತ್ತಿದ್ದರು. ಉಗುರಿಗೆ ತಾಗಿದರೆ ಮತ್ತೆ ಉಜ್ಜುವುದು. ಸೆನ್ಸರಿನ ತೂತನ್ನು ರೀಪಿನ ನಡುವೆಯೇ ಕೊರೆದುಕೊಟ್ಟರು. ಬೀಮ್ ಮೇಲಿಂದ ಕೆಳಗೆ ನೇರ ಬಿದ್ದರೆ ಕಾರಿನ ಮೂತಿ ಎತ್ತರ ಇರಲಿ ತಗ್ಗು ಇರಲಿ, ಗೆರೆ ಮುಟ್ಟಿದ ಕೂಡಲೇ ಸಿಕ್ಕಿಬೀಳುತ್ತದೆ. ಕೂಲಿ ಎಷ್ಟು ಎಂದು ಕೇಳಿದರೆ ಅವರು ಕೊನೆಗೂ ಹೇಳಲಿಲ್ಲ.

ಕಳೆದ ವರ್ಷದ ಓಟಕ್ಕೆ ಎಲ್ಲ ತಯಾರು ಎಂದುಕೊಂಡಿದ್ದೆ. ಅಂಗಡಿಯೊಳಗೆ ನೂರು ಸಲ ಓಡಿಸಿ ನೋಡಿದ್ದೆ, ತಪ್ಪೇ ಇಲ್ಲ. ಆ ದಿನ ಅಂಗಳದಲ್ಲಿ ಹಾಕಿದೆವು. ಹನ್ನೊಂದು ಗಂಟೆಗೆ ಬಿಸಿಲು ಮಂಜೊಟ್ಟಿಗೆ ಬಂತು. ಮೂರೂ ಸೆನ್ಸರು ಕುರುಡಾದವು. ಬಿಸಿಲಲ್ಲೂ ಐಆರ್ ಉಂಟು, ನನ್ನ ಎಲ್‌ಇಡಿಗಿಂತ ಎಷ್ಟೋ ಪಾಲು ಜಾಸ್ತಿ. ಕಾರು ಅಡ್ಡ ಬಂದರೂ ಬದಿಯಿಂದ ನುಗ್ಗಿದ ಬೆಳಕೇ ಸಾಕಾಗುತ್ತಿತ್ತು. ಮಕ್ಕಳು ಕಾರು ಮಡಿಲಲ್ಲಿಟ್ಟುಕೊಂಡು ಸಂಜೆಯವರೆಗೆ ಕಾದರು. ಕತ್ತಲಾದ ಮೇಲೆ ಟ್ಯೂಬ್‌ಲೈಟ್ ಹಾಕಿ ಓಡಿಸಿದೆವು. ಒಬ್ಬ ತಂದೆಯೂ ತಾಯಿಯೂ ಗೊಣಗಲಿಲ್ಲ. ಸಜ್ಜಿಗೆ ಅವಲಕ್ಕಿ ಮಾಡಿಸಿ ಮಕ್ಕಳನ್ನು ಕೂರಿಸಿಕೊಂಡರು. ಆ ತಾಯಂದಿರಿಗೆಲ್ಲ ನಮಸ್ಕಾರ.

ಅದನ್ನು ಸರಿಮಾಡಿದ್ದು ನಮ್ಮ ನೆರೆಕರೆಯ ಒಬ್ಬರು ಅಣ್ಣ. ಅಡಿಕೆ ತೋಟ ಇರುವವರು, ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ ಎದ್ದು ಹೋದರು. ಬರುವಾಗ ಕೈಯಲ್ಲಿ ಡ್ರಿಪ್ಪಿನ ಕಪ್ಪು ಪೈಪಿನ ತುಂಡು, 16 ಎಂಎಂ. “ಬಾವಿಗೆ ಇಳಿದರೆ ಹಗಲಲ್ಲೂ ಕತ್ತಲೆ ಅಲ್ವಾ? ಇದರೊಳಗೆ ಕೂರಿಸಿ ನೋಡು” ಎಂದರು. ಐದು ಇಂಚಿನ ಮೂರು ತುಂಡು ಕತ್ತರಿಸಿದೆ. ಎಲ್‌ಇಡಿಯನ್ನು ಕೆಳಗೆ ರೀಪಿಗೆ ಹಾಕಿ, ಫೋಟೋಟ್ರಾನ್ಸಿಸ್ಟರನ್ನು ಮೇಲಿನ ಕಮಾನಿನಲ್ಲಿ ಆ ಪೈಪಿನೊಳಗೆ ತಲೆಕೆಳಗೆ ಕೂರಿಸಿದೆ. ಮೊದಲು ಅದು ಆಕಾಶ ನೋಡುತ್ತಿತ್ತು, ಈಗ ನೆಲ ಮಾತ್ರ. ಮಟಮಟ ಮಧ್ಯಾಹ್ನ ಅಂಗಳದ ನಡುವೆ ಇಟ್ಟು ಕೈ ಅಡ್ಡ ಹಿಡಿದೆ. ಅಂಕೆ ನಿಂತಿತು. ಕೈ ತೆಗೆದು ಮತ್ತೆ ಹಿಡಿದೆ. ಮತ್ತೆ ನಿಂತಿತು. ಅಣ್ಣ ಬಗ್ಗಿ ಪೈಪಿನೊಳಗೆ ನೋಡಿ, “ಎಷ್ಟು ಬೇಕು ಹೇಳು, ಇನ್ನೂ ಒಂದು ಸುತ್ತು ಉಂಟು” ಎಂದರು.

ಅಕ್ಟೋಬರಿನಲ್ಲಿ ಸಿಡಿಲು. ನಮ್ಮ ಕಡೆ ಹಿಂಗಾರಿನ ಸಂಜೆ ಗುಡುಗು ಹೇಗೆ ಎಂದು ಇಲ್ಲಿನವರಿಗೆ ಹೇಳುವುದು ಬೇಡ. ತೋಟದಾಚೆ ತೆಂಗಿಗೆ ಬಡಿಯಿತು. ಟೈಮರ್ ಅಡಾಪ್ಟರಿನಲ್ಲಿ ಇತ್ತು, ಗೇಟಿಗೆ ಹೋಗುವ 32 ಅಡಿ ವಯರೂ ಸಿಕ್ಕಿಸಿಯೇ ಇತ್ತು. ಅಷ್ಟುದ್ದದ ವಯರು ಸಿಡಿಲಿಗೆ ಏರಿಯಲ್ ಇದ್ದ ಹಾಗೆ. ಬೋರ್ಡು ಹೋಯಿತು, ಡಿಸ್‌ಪ್ಲೇ ಮೂರರಲ್ಲಿ ಎರಡು ಹೋಯಿತು. ಆ ರಾತ್ರಿ ಇನ್ನು ಸಾಕು ಎಂದು ನಿಜವಾಗಿ ಅನ್ನಿಸಿತ್ತು. ಬೆಳಿಗ್ಗೆ ವಾಚನಾಲಯದ ಹುಡುಗರು ಕೇಳದೇ ದುಡ್ಡು ಒಟ್ಟುಮಾಡಿ ತಂದಿಟ್ಟರು. ಮಂಗಳೂರಿನಿಂದ ಪುಟ್ಟಿ ಕಳಿಸಿದ ಪೊಟ್ಟಣ ಕಾಸರಗೋಡಿನವರೆಗೆ ಒಂದು ಬಸ್ಸಿನಲ್ಲಿ, ಅಲ್ಲಿಂದ ಇನ್ನೊಂದರಲ್ಲಿ ಬಂತು. ಎರಡನೇ ಬಸ್ಸಿನ ಕಂಡಕ್ಟರ್ ಅದನ್ನು ಸೀಟಿನ ಮೇಲೆ ಬಿಡದೆ ತನ್ನ ಚೀಲದಲ್ಲೇ ಇಟ್ಟುಕೊಂಡು, ನನ್ನ ಅಂಗಡಿ ಎದುರು ಬಸ್ಸು ನಿಲ್ಲಿಸಿ, ಇಳಿದು ಕೈಗೆ ಕೊಟ್ಟರು. “ಮಕ್ಕಳದ್ದಂತೆ ಅಲ್ವಾ?” ಎಂದರು. ದುಡ್ಡು ಮುಟ್ಟಲಿಲ್ಲ. ಈಗ ಟೈಮರ್ ನಡೆಯುವುದು ಪವರ್ ಬ್ಯಾಂಕಿನಲ್ಲಿ. ಕೆಲಸ ಮುಗಿದರೆ ಎಲ್ಲ ವಯರು ಬಿಚ್ಚಿಡುತ್ತೇನೆ.

ಓಟದ ಹಿಂದಿನ ದಿನ ಟ್ರಯಲಿಗೆ ಬಂದ ಆರನೇ ಕ್ಲಾಸಿನ ಹುಡುಗನಿಗೂ ಥ್ಯಾಂಕ್ಸ್. ಅವನ ಕಾರಿನ ಮೂತಿ ನೀರಿನ ಬಾಟ್ಲಿಯದ್ದು. ಮೂತಿ ಗೆರೆ ದಾಟಿ ಹೋದರೂ ಅಂಕೆ ಓಡುತ್ತಲೇ ಇತ್ತು. ಪಾರದರ್ಶಕ ಪ್ಲಾಸ್ಟಿಕಿನ ಒಳಗಿಂದ ಐಆರ್ ಹಾದುಹೋಗುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ. ಮೂತಿಗೆ ಒಂದು ಸುತ್ತು ಕಪ್ಪು ಇನ್ಸುಲೇಶನ್ ಟೇಪು ಹಾಕಿದೆವು, ಸರಿಯಾಯಿತು. ಮರುದಿನ ಗೊತ್ತಾಗಿದ್ದರೆ ಏನು ಮಾಡುತ್ತಿದ್ದೆವು?

ಫೈನಲಿನ ಲೆಕ್ಕ ಪುಸ್ತಕದಲ್ಲಿ ಉಂಟು. ಬರೆದವಳು ಅದೇ ಹುಡುಗಿ. ಈಗ ಹತ್ತನೇ ಕ್ಲಾಸು, ಪರೀಕ್ಷೆಯ ವರ್ಷ. ಆದರೂ ಇಡೀ ದಿನ ಮಂಜೊಟ್ಟಿಯಲ್ಲಿ ಕೂತು ಎಲ್ಲರ ಸಮಯ ಬರೆದಳು. ಅವಳ ತಮ್ಮ ಈ ಸಲ ಓಟದಲ್ಲಿ ಇದ್ದ, ಫೈನಲಿಗೂ ಬಂದಿದ್ದ. ಮೂರು ಓಟದ ಒಟ್ಟು, ಗೆದ್ದವನದ್ದು 9.836 ಸೆಕೆಂಡ್, ತಮ್ಮನದ್ದು 9.839. ಅವಳು ಕೂಡಿಸಿ, ಇನ್ನೊಮ್ಮೆ ಕೂಡಿಸಿ, ಬರೆದು, ಪುಸ್ತಕವನ್ನು ಅವನ ಕಡೆ ತಿರುಗಿಸಿದಳು.

“ಅಕ್ಕಾ, ಮೂರು ಅಂದ್ರೆ ಎಷ್ಟು?” ಎಂದು ಕೇಳಿದ.

ಅವಳು ತನ್ನ ತೋರುಬೆರಳನ್ನು ಕರೆಯ ಮೇಲೆ ಅಡ್ಡ ಇಟ್ಟಳು. “ಇದರ ಅಗಲ.”

ಅವನು ಬೆರಳನ್ನು ನೋಡಿದ, ಕೆಂಪು ಅಂಕೆ ನೋಡಿದ. ಮತ್ತೆ ಕಾರು ಎತ್ತಿ, ಹಿಂದಿನ ಚಕ್ರ ತಿರುಗಿಸಿ, ಕಿವಿಯ ಹತ್ತಿರ ಹಿಡಿದು ಕೇಳಿಸಿಕೊಂಡ.