ಅಕ್ಷರ ತಿದ್ದುವ ಕೆಲಸ ಓದುಗರದಲ್ಲ: ಇ-ಪುಸ್ತಕ ಮಾರುವವರಿಗೆ ಒಂದು ದೂರು ಪತ್ರ

ಇವರಿಂದ: ಇ-ಪುಸ್ತಕ ಕೊಂಡ ಓದುಗರು, ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ
ಇವರಿಗೆ: ಕುಂದುಕೊರತೆ ಅಧಿಕಾರಿಗಳು, ಇ-ಪುಸ್ತಕ ಮಾರಾಟ ವಿಭಾಗ
ವಿಷಯ: ಕನ್ನಡ ಕಾದಂಬರಿಯ ಕಡತದಲ್ಲಿನ ದೋಷಗಳು ಮತ್ತು ನಿಮ್ಮ ಸಹಾಯವಾಣಿಯ ಉತ್ತರ

ಮಾನ್ಯರೇ,

ನಿಮ್ಮಿಂದ ಕೊಂಡ ಕಾದಂಬರಿ ಓದಲಾಗುತ್ತಿಲ್ಲ ಎಂದು ಬರೆದದ್ದಕ್ಕೆ ಬಂದ ಉತ್ತರದಲ್ಲಿ ಹೀಗಿದೆ: “ಫಾಂಟ್ ಬದಲಿಸಿ ನೋಡಿ, ಆಗದಿದ್ದರೆ ಬೇರೆ ತಂತ್ರಾಂಶದಲ್ಲಿ ಸರಿಪಡಿಸಿಕೊಳ್ಳಿ.” ಇದನ್ನು ನಾವು ಒಪ್ಪುವುದಿಲ್ಲ.

ಮೊದಲ ಅಧ್ಯಾಯದಲ್ಲೇ ‘ತೀರ್ಥಹಳ್ಳಿ’ ಇರಬೇಕಾದ ಕಡೆ ‘ತೀಥರ್ಹಳ್ಳಿ’ ಇದೆ. ಧರ್ಮ ‘ಧಮರ್’ ಆಗಿದೆ, ಸೂರ್ಯ ‘ಸೂಯರ್’, ವರ್ಷ ‘ವಷರ್’. ಇದು ಫಾಂಟಿನ ತಪ್ಪಲ್ಲ. ಅಚ್ಚಿಗೆಂದು ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಸಂಕೇತದ ಅಕ್ಷರಗಳಲ್ಲಿ ಪುಟ ಕಟ್ಟಿದಾಗ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆಯೇ ವ್ಯಂಜನದ ಆಚೆಗೆ ಕೂತಿರುತ್ತದೆ. ಈಗ ಎಲ್ಲೆಡೆ ಬಳಸುವ ಅಕ್ಷರಸಂಕೇತವಾದ ಯೂನಿಕೋಡ್‌ನಲ್ಲಿ ‘ರ್’ ಮೊದಲು, ವ್ಯಂಜನ ಆಮೇಲೆ. ಹಳೆಯದನ್ನು ಹೊಸದಕ್ಕೆ ಬದಲಿಸುವ ಪರಿವರ್ತಕ ತಂತ್ರಾಂಶ ಆ ಜಾಗ ಅದಲುಬದಲು ಮಾಡದೆ ಬಿಟ್ಟರೆ ಹೀಗಾಗುತ್ತದೆ. ಹತ್ತು ಫಾಂಟ್ ಬದಲಿಸಿದರೂ ‘ಧಮರ್’ ಹಾಗೇ ಇರುತ್ತದೆ. ಒಂದೇ ಏಟಿಗೆ ಹುಡುಕಿ-ಬದಲಿಸುವುದೂ ಆಗದ ಮಾತು. ‘ರ್’ ಅನ್ನು ಹಿಂದಿನ ಅಕ್ಷರದ ಮೊದಲಿಗೆ ತರುವ ಆದೇಶ ಕೊಟ್ಟರೆ, ಸರಿಯಾಗಿಯೇ ಇದ್ದ ‘ಮೀಟರ್’ ‘ಮೀರ್ಟ’ ಆಗುತ್ತದೆ, ‘ಡಾಕ್ಟರ್’ ‘ಡಾರ್ಕ್ಟ’ ಆಗುತ್ತದೆ. ಒಂದೊಂದು ಪದವನ್ನೂ ಅಚ್ಚಿನ ಪ್ರತಿಯ ಪಕ್ಕದಲ್ಲಿಟ್ಟು ನೋಡಬೇಕು. ಆ ಪ್ರತಿ ಇರುವುದು ಪ್ರಕಾಶಕರ ಹತ್ತಿರ, ನಮ್ಮ ಹತ್ತಿರವಲ್ಲ.

ಕೊನೆಯ ಅಧ್ಯಾಯಗಳನ್ನು ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರ ಗುರುತಿಸುವ ಒಸಿಆರ್‌ನಿಂದ ತೆಗೆದಂತಿದೆ, ಏಕೆಂದರೆ ಅಚ್ಚಿನ ಪುಟಸಂಖ್ಯೆಗಳು ಪ್ಯಾರಾದ ನಡುವೆ ಬಂದು ನಿಂತಿವೆ. ಒಸಿಆರ್ ಪ-ವ, ಥ-ಧ, ಘ-ಫಗಳಲ್ಲಿ ಎಡವುತ್ತದೆ. ಮಳೆಗೆ ಹೊದೆಯುವ ‘ಕೊಪ್ಪೆ’ ಇಲ್ಲಿ ‘ಕೊವ್ಪೆ’ ಆಗಿದೆ. ಮಲೆನಾಡಿನವರು ಅದನ್ನು ಊಹಿಸಿಯಾರು, ಬಯಲುಸೀಮೆಯ ಓದುಗರು ಏನು ಮಾಡಬೇಕು? ಇನ್ನೂ ದೊಡ್ಡ ಅಪಾಯ ಬೇರೆ ಇದೆ: ‘ಹಾಡ್ಯ’ (ಸಣ್ಣ ಕಾಡು) ಎಂಬ ಸರಿಯಾದ ಪದವನ್ನೇ ತಪ್ಪೆಂದುಕೊಂಡು ಯಾರಾದರೂ ‘ಹಾಡಿ’ ಎಂದು ತಿದ್ದಿಬಿಡಬಹುದು. ಲೇಖಕರ ಮಾತನ್ನು ಓದುಗರು ಊಹೆಯ ಮೇಲೆ ಬದಲಿಸುವ ಹಾಗಿಲ್ಲ.

ಅಂದವನ್ನಷ್ಟೇ ತಿದ್ದುವ ಕೆಲಸ ಬೇರೆ. ಇಪಬ್ ಎಂಬ ಇ-ಪುಸ್ತಕ ಕಡತವೆಂದರೆ ಹಲವು ಕಡತಗಳ ಒಂದು ಜಿಪ್ ಕಟ್ಟು. ಬೀಗವಿಲ್ಲದ ಇಪಬ್ ಅನ್ನು ಅದಕ್ಕೆಂದೇ ಇರುವ ತಂತ್ರಾಂಶಗಳಾದ ಸಿಜಿಲ್‌ನಲ್ಲೋ ಕ್ಯಾಲಿಬರ್‌ನಲ್ಲೋ ತೆರೆದು, ಬಣ್ಣ-ಅಳತೆ-ಅಂತರ ಹೇಳುವ ಶೈಲಿ ಕಡತದ ಎರಡು ಮೂರು ಸಾಲು ತಿದ್ದಲು ಹತ್ತು ನಿಮಿಷ ಸಾಕು, ಅದನ್ನು ಮಾಡಬಲ್ಲವರು ಮಾಡಿಕೊಳ್ಳಲಿ. ಆದರೆ ನಿಮ್ಮ ಕಡತಕ್ಕೆ ನಕಲು ತಡೆಯುವ ಡಿಆರ್‌ಎಂ ಬೀಗವಿದೆ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿಯುವುದನ್ನು ಅಪರಾಧವೆನ್ನುತ್ತದೆ. ಬೀಗ ಹಾಕಿದವರೇ “ಒಳಗೆ ಹೋಗಿ ಸರಿಮಾಡಿಕೊಳ್ಳಿ” ಎನ್ನುವುದು ಯಾವ ನ್ಯಾಯ?

ಆ ಶೈಲಿ ಕಡತದಲ್ಲೂ ತಪ್ಪುಗಳಿವೆ. ಅಕ್ಷರದ ಬಣ್ಣವನ್ನು ಕಪ್ಪೆಂದು ಖಾಯಂ ಮಾಡಿದ್ದೀರಿ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು, ಬ್ಯಾಟರಿ ಉಳಿಸಲು ಮೊಬೈಲನ್ನು ಕಪ್ಪು ಹಿನ್ನೆಲೆಗೆ ಹಾಕಿದರೆ ಕಪ್ಪಿನ ಮೇಲೆ ಕಪ್ಪು, ಒಂದಕ್ಷರವೂ ಕಾಣುವುದಿಲ್ಲ. ಸಾಲಿನ ಅಂತರ 1.0 ಇರುವುದರಿಂದ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸು, ಏತ್ವಗಳಿಗೆ ತಗಲುತ್ತಿವೆ, ಕನ್ನಡಕ್ಕೆ 1.6ರ ಆಸುಪಾಸು ಬೇಕು. ಅಧ್ಯಾಯದ ಮೊದಲಕ್ಷರ ದೊಡ್ಡದು ಮಾಡುವಾಗ ‘ಕೊಟ್ಟಿಗೆ’ಯ ‘ಕ’ವನ್ನಷ್ಟೇ ಕತ್ತರಿಸಿದ್ದೀರಿ, ಅದರ ಒತ್ವ ಚುಕ್ಕಿಗಳ ವೃತ್ತವೊಂದಕ್ಕೆ ಅಂಟಿಕೊಂಡು ಬೇರೆಯಾಗಿ ನಿಂತಿದೆ. ‘ಸಾಫ್ಟ್‌ವೇರ್’ ಪದದ ಒಳಗೆ, ಮುಂದಿನ ಅಕ್ಷರ ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಗುರುತಾದ ಝಡ್‌ಡಬ್ಲ್ಯುಎನ್‌ಜೆ ಬಿದ್ದುಹೋಗಿ ‘ಸಾಫ್ಟ್ವೇರ್’ ಆಗಿದೆ.

ಇಪಬ್‌ಚೆಕ್‌ನಲ್ಲಿ ಪಾಸಾಗಿದೆ ಎಂದೂ ಬರೆದಿದ್ದೀರಿ. ಆ ತಂತ್ರಾಂಶ ಕಡತದ ಕಟ್ಟುಪಾಡನ್ನು ಪರೀಕ್ಷಿಸುತ್ತದೆ, ಕನ್ನಡ ಓದುವುದಿಲ್ಲ. ‘ವಷರ್’ ಅದರ ಕಣ್ಣಿಗೆ ಬೀಳುವುದೇ ಇಲ್ಲ. ದೃಷ್ಟಿದೋಷ ಇರುವವರು ಗಟ್ಟಿಯಾಗಿ ಓದಿಸಿ ಕೇಳಿದರೆ ಯಂತ್ರವೂ ‘ವಷರ್’ ಎಂದೇ ಉಚ್ಚರಿಸುತ್ತದೆ.

ಆದ್ದರಿಂದ ಅರ್ಕಾವತ್ತನ್ನು ಸರಿಯಾಗಿ ನಿಭಾಯಿಸುವ ಪರಿವರ್ತಕದಲ್ಲಿ ಮೂಲ ಪುಟಕಡತವನ್ನು ಮತ್ತೆ ಹಾಯಿಸಿ, ಒಸಿಆರ್ ಅಧ್ಯಾಯಗಳನ್ನೂ ಅದರಿಂದಲೇ ತೆಗೆಯಿರಿ. ಕನ್ನಡ ಬಲ್ಲ ಕರಡು ತಿದ್ದುವವರಿಂದ ಅಚ್ಚಿನ ಪ್ರತಿಯೊಡನೆ ಪೂರ್ತಿ ಹೋಲಿಸಿ. ಹೊಸ ಕಡತವನ್ನು ಕೊಂಡವರೆಲ್ಲರಿಗೂ ಕಳಿಸಿ, ಓದುಗರು ಹಾಕಿಕೊಂಡ ಗುರುತುಗಳು ಅಳಿಯದಂತೆ ನೋಡಿಕೊಳ್ಳಿ. ಆಗದಿದ್ದರೆ ಹಣ ವಾಪಸು ಮಾಡಿ.

2020ರ ಗ್ರಾಹಕ ಸಂರಕ್ಷಣೆ ಇ-ವಾಣಿಜ್ಯ ನಿಯಮಗಳ ಪ್ರಕಾರ 48 ಗಂಟೆಯೊಳಗೆ ಈ ದೂರಿಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಕೊಡದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ದೋಷವಿರುವ ಪುಟಗಳ ಚಿತ್ರಗಳನ್ನು ಲಗತ್ತಿಸಿದ್ದೇವೆ.

ತಮ್ಮ ವಿಶ್ವಾಸಿಗಳು,
ತೀರ್ಥಹಳ್ಳಿಯ ಓದುಗರು