ನಾಲ್ಕನೆಯ ರಾಜ

ಶಿವಮೊಗ್ಗ

ಚಿರಂಜೀವಿ ಮಗುವಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಓದು, ಚಳಿ, ನೀನು ಕಲಿಯುತ್ತಿರುವ ಅಡುಗೆ ಇವೆಲ್ಲದಕ್ಕೂ ನಿನ್ನ ಅಮ್ಮನೇ ಉತ್ತರ ಬರೆಯುತ್ತಾಳೆ. ನಾನು ಬರೆಯಲು ಕುಳಿತದ್ದು ಮೂರನೆಯ ಪುಟದ ಕೊನೆಯಲ್ಲಿ, ಜಾಗ ಸಾಲದೆಂಬಂತೆ ಸಣ್ಣ ಅಕ್ಷರದಲ್ಲಿ ನೀನು ತುರುಕಿದ ಒಂದು ಸಾಲಿಗಾಗಿ: ‘ನಾಲ್ಕನೆಯ ರಾಜ ನನಗೇ ಬಂದರೆ ಆ ಲೋಟ ಕುಡಿಯಲೇಬೇಕು ಮಾವ, ಬೇಡವೆಂದರೆ ಮುಂದಿನ ಸಲ ಕರೆಯುವುದಿಲ್ಲ.’ ಆ ಸಾಲನ್ನು ಓದಿದಂದಿನಿಂದ ನನಗೆ ಸರಿಯಾಗಿ ನಿದ್ದೆ ಹತ್ತಿಲ್ಲ.

ಇಂಗ್ಲೆಂಡಿನ ಆ ಲೀಡ್ಸಿನಲ್ಲಿ ನೀವು ಆಡುವ ‘ರಿಂಗ್ ಆಫ್ ಫೈರ್’ ಆಟವನ್ನು ನೀನು ವಿವರಿಸಿದ ರೀತಿಯಿಂದ ನಾನು ಅರ್ಥ ಮಾಡಿಕೊಂಡದ್ದು ಇಷ್ಟು. ನಡುವೆ ಒಂದು ದೊಡ್ಡ ಲೋಟ, ಸುತ್ತಲೂ ಮಗುಚಿ ಹರಡಿದ 52 ಇಸ್ಪೀಟ್ ಎಲೆಗಳ ಬಳೆ, ಸರದಿಯಂತೆ ಒಬ್ಬೊಬ್ಬರು ಒಂದೊಂದು ಎಲೆ ತೆಗೆಯಬೇಕು, ಎಲೆಗೊಂದು ನಿಯಮ. ನಾಲ್ಕು ಬಂದರೆ ಕೊನೆಗೆ ನೆಲ ಮುಟ್ಟಿದವನು ಕುಡಿಯಬೇಕು, ಏಳು ಬಂದರೆ ಕೊನೆಗೆ ಕೈ ಎತ್ತಿದವನು. ಒಂಬತ್ತಕ್ಕೆ ಪ್ರಾಸ ಕಟ್ಟಬೇಕು, ತಡವರಿಸಿದವನು ಕುಡಿಯಬೇಕು. (ಅವರದು ಅಂತ್ಯಪ್ರಾಸ, ಎರಡನೆಯ ಅಕ್ಷರಕ್ಕೆ ಪ್ರಾಸ ಹಿಡಿಯುವ ಕನ್ನಡದ ಅಭ್ಯಾಸ ಅಲ್ಲಿ ನಿನ್ನ ಉಪಯೋಗಕ್ಕೆ ಬಾರದು.) ಮೊದಲ ಮೂರು ರಾಜರನ್ನು ತೆಗೆದವರು ತಮ್ಮ ತಮ್ಮ ಪಾನೀಯವನ್ನು ನಡುವಿನ ಲೋಟಕ್ಕೆ ಸುರಿಯುತ್ತಾರೆ, ನಾಲ್ಕನೆಯ ರಾಜನನ್ನು ತೆಗೆದವನು ಅದಷ್ಟನ್ನೂ ಕುಡಿಯುತ್ತಾನೆ. ಆಟದಲ್ಲಿ ಜಾಣತನಕ್ಕೆ ಎಡೆಯೇ ಇಲ್ಲ, ಆದ್ದರಿಂದ ಸೋತವನಿಗೆ ಅವಮಾನವೂ ಇಲ್ಲ ಎಂದು ನೀನು ಬರೆದಿರುವುದು ಸರಿ. ಆದರೆ ಬೇಡವೆನ್ನುವವನಿಗೆ ಮಾತ್ರ ಅವಮಾನ ಹೇಗಾಯಿತು ಎಂಬುದು ನನಗೆ ತಿಳಿಯುತ್ತಿಲ್ಲ.

ತಿಳಿಯುತ್ತಿಲ್ಲ ಎಂದದ್ದು ಸುಳ್ಳು. ನನಗದು ಚೆನ್ನಾಗಿ ತಿಳಿದಿದೆ.

1984ರಲ್ಲಿ ನಾನು ಮಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ಪ್ರತಿ ಶನಿವಾರ ರಾತ್ರಿ ನಮ್ಮ ಬಾಡಿಗೆ ಕೋಣೆಯಲ್ಲಿ ಇಪ್ಪತ್ತೆಂಟು ಎಂಬ ಇಸ್ಪೀಟಾಟ ಆಡುತ್ತಿದ್ದೆವು. ಆ ಆಟದಲ್ಲಿ ಗುಲಾಮನೇ ಎಲ್ಲರಿಗಿಂತ ದೊಡ್ಡವನು, ಅವನಿಗೆ 3 ಅಂಕ, ರಾಜನಿಗೆ ಸೊನ್ನೆ. ಎಲೆಗಳ ಜೊತೆಗೆ ಬಾಟಲಿಯೂ ಇರುತ್ತಿತ್ತು ಎಂಬುದನ್ನು ನಿನ್ನ ಅಮ್ಮನಿಗೆ ನಾನು ಇದುವರೆಗೆ ಹೇಳಿಲ್ಲ. ನಮ್ಮಲ್ಲಿ ನಾಲ್ಕನೆಯವನಾಗಿ ಬಂದವನು ಘಟ್ಟದ ಮೇಲಿನ ಒಬ್ಬ ಹುಡುಗ, ನನಗಿಂತ ಎರಡು ವರ್ಷ ಚಿಕ್ಕವನು. ಆಟ ಸೋತ ಜೋಡಿ ಒಂದು ಗ್ಲಾಸು ಮುಗಿಸಬೇಕು ಎಂದು ಒಂದು ರಾತ್ರಿ ನಿಯಮ ಮಾಡಿದವನು ನಾನೇ. ಅವನು ಮೂರನೆಯ ಗ್ಲಾಸಿಗೆ ಕೈ ಅಡ್ಡ ಹಿಡಿದ. ಆ ಕೈಯನ್ನು ನಗುತ್ತ ಸರಿಸಿ ಸುರಿದವನೂ ನಾನೇ. ಸ್ವಲ್ಪ ಹೊತ್ತಿಗೆ ಅವನು ಗೋಡೆಯ ಬದಿಯಲ್ಲಿ ಅಂಗಾತ ಬಿದ್ದುಕೊಂಡ. ನಾವು ಒಂದು ಹೊದಿಕೆ ಎಸೆದು, ಮೂವರಿಗೆ ಆಗುವ ಬೇರೆ ಆಟ ಶುರು ಮಾಡಿದೆವು. ರಾತ್ರಿ ಅವನು ಮಲಗಿದಲ್ಲಿಯೇ ವಾಂತಿ ಮಾಡಿಕೊಂಡು ಉಸಿರಿಗೆ ಒದ್ದಾಡುತ್ತಿದ್ದ ಸದ್ದನ್ನು ಕೇಳಿದವರು ಕೆಳಗಿನ ಮನೆಯ ಅಮ್ಮ, ನಾವಲ್ಲ. ಅವರು ಮೇಲೆ ಬಂದು ಅವನನ್ನು ಮಗ್ಗುಲಿಗೆ ಹೊರಳಿಸಿ, ಬಾಯಿ ಒರೆಸಿ, ಬೆಳಗಾಗುವವರೆಗೆ ಅಲ್ಲೇ ಕುಳಿತಿದ್ದರು. ನಮ್ಮ ಕಡೆಗೆ ಅವರು ನೋಡಲೂ ಇಲ್ಲ.

ಅವನು ಬದುಕಿದ. ಕೆಲವು ತಿಂಗಳ ನಂತರ ವರ್ಗ ಮಾಡಿಸಿಕೊಂಡು ಹೋಗುವಾಗ ಬಸ್ ನಿಲ್ದಾಣದಲ್ಲಿ ಕೇಳಿದೆ, ಕುಡಿಯಲು ಇಷ್ಟವಿಲ್ಲದಿದ್ದರೆ ಆ ದಿನ ಎದ್ದು ಹೋಗಬಹುದಿತ್ತಲ್ಲ ಎಂದು. ‘ಎದ್ದು ಹೋಗಿದ್ದರೆ ನೀವು ಮತ್ತೆ ಕರೆಯುತ್ತಿರಲಿಲ್ಲ’ ಎಂದ. ನಿನ್ನ ಪತ್ರದಲ್ಲಿ ಆ ಮಾತನ್ನು ಮತ್ತೆ ಕಂಡೆ ಮಗೂ.

ನಾವು ಕರೆಯುತ್ತಿರಲಿಲ್ಲವೇ ಎಂದು ಈಗ ಪ್ರಾಮಾಣಿಕವಾಗಿ ಯೋಚಿಸಿದ್ದೇನೆ. ಎರಡು ವಾರ ಬಹುಶಃ ಕರೆಯುತ್ತಿರಲಿಲ್ಲ, ಬೆನ್ನ ಹಿಂದೆ ಆಡಿಕೊಳ್ಳುತ್ತಲೂ ಇದ್ದೆವು. ಮೂರನೆಯ ವಾರ ನಾಲ್ಕನೆಯ ಕೈ ಇಲ್ಲದೆ ಇಪ್ಪತ್ತೆಂಟು ಕೂಡುವುದಿಲ್ಲವೆಂದು ನಾವೇ ಅವನ ಬಾಗಿಲು ತಟ್ಟುತ್ತಿದ್ದೆವು. ನಿಮ್ಮ ಆಟಕ್ಕೆ ಇಷ್ಟೇ ಜನ ಬೇಕೆಂಬ ಕಟ್ಟಿಲ್ಲ, ಹಾಗಾಗಿ ಈ ಸಮಾಧಾನ ನಿನಗೆ ಪೂರ್ತಿ ಒದಗದು ಎಂಬುದನ್ನೂ ಬಲ್ಲೆ. ದೂರದ ಊರಿನಲ್ಲಿ ಶನಿವಾರ ರಾತ್ರಿ ಪಕ್ಕದ ಕೋಣೆಯ ನಗು ಕೇಳುತ್ತ ಒಬ್ಬನೇ ಕುಳಿತಿರುವುದು ಸಣ್ಣ ಕಷ್ಟವೆಂದು ನಾನು ಹೇಳಲಾರೆ.

ಲೆಕ್ಕ ನನ್ನ ಹಳೆಯ ಚಟ, ಆದ್ದರಿಂದ ನಿನ್ನ ಆಟವನ್ನೂ ಲೆಕ್ಕ ಹಾಕಿ ನೋಡಿದೆ. ಎಲೆಗಳನ್ನು ಚೆನ್ನಾಗಿ ಕಲೆಸಿದ್ದರೆ ನಾಲ್ಕನೆಯ ರಾಜ ಸರಾಸರಿಯಲ್ಲಿ 42ನೆಯ ಎಲೆಯ ಹೊತ್ತಿಗೆ ಹೊರಬೀಳುತ್ತಾನೆ. ಆರು ಜನ ಕುಳಿತಿದ್ದರೆ ಅದು ಏಳನೆಯ ಸುತ್ತು. ನೀನು ಹೆದರುತ್ತಿರುವುದು ಲೋಟಕ್ಕೆ; ನನಗಿರುವ ಹೆದರಿಕೆ, ಅದು ಬರುವ ಹೊತ್ತಿಗೆ ಬೇಡವೆನ್ನುವ ಬುದ್ಧಿಯೇ ನಿನ್ನಲ್ಲಿ ಉಳಿದಿರುವುದಿಲ್ಲವಲ್ಲ ಎಂಬುದು. ಒಬ್ಬ ಅರ್ಧ ಪಿಂಟ್ ಬಿಯರ್, ಇನ್ನೊಬ್ಬ 175 ಮಿಲಿಲೀಟರ್ ವೈನ್, ಮತ್ತೊಬ್ಬ 50 ಮಿಲಿಲೀಟರ್ ವೋಡ್ಕಾ ಸುರಿದರೆ ಅಲ್ಲಿಯವರ ಅಳತೆಯಲ್ಲಿ (10 ಮಿಲಿಲೀಟರ್ ಶುದ್ಧ ಮದ್ಯಸಾರಕ್ಕೆ ಒಂದು ಯೂನಿಟ್) ಅದು ಸುಮಾರು 5 ಯೂನಿಟ್ಟಿಗೂ ಮಿಕ್ಕಿದ್ದು. ಒಂದು ಯೂನಿಟ್ ಕರಗಿಸಲು ದೇಹಕ್ಕೆ ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಅಲ್ಲಿನ ವೈದ್ಯಾಧಿಕಾರಿಗಳು 2016ರಲ್ಲಿ ಹೇಳಿದ ಮಿತಿ ವಾರಕ್ಕೆ 14, ಅದೂ ಹಲವು ದಿನಗಳಿಗೆ ಹಂಚಿಕೊಂಡು.

ಕೈ ಸರಿಸಿದವನೇ ಈಗ ಉಪದೇಶಕ್ಕೆ ನಿಂತಿದ್ದಾನೆ ಎಂದು ನೀನು ನಕ್ಕರೆ ನಾನು ಬೇಸರಪಡುವುದಿಲ್ಲ. ಆದರೂ ಒಂದೆರಡು ಮಾತು. ಹೋಗುವ ಮುನ್ನ ಹೊಟ್ಟೆ ತುಂಬ ಉಂಡು ಹೋಗು. ಕುಡಿಯಬೇಕೆಂದು ಮಾತ್ರ ನಿಯಮವಿದೆ, ಏನನ್ನು ಕುಡಿಯಬೇಕೆಂದು ಯಾವ ಎಲೆಯ ಮೇಲೂ ಬರೆದಿಲ್ಲ. ನಿನ್ನ ಗ್ಲಾಸಿನಲ್ಲಿ ನಿಂಬೆಯ ಶರಬತ್ತಿದ್ದರೂ ಆಟ ನಡೆಯುತ್ತದೆ. ಬೇಡವೆನ್ನುವುದಾದರೆ ಎಲೆ ಹರಡುವ ಮೊದಲೇ ಹೇಳು, ಏಳನೆಯ ಸುತ್ತಿನಲ್ಲಿ ಹೇಳಿದ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಎಕ್ಕ ಬಂದಾಗ ಎಲ್ಲರೂ ಒಟ್ಟಿಗೆ ಕುಡಿಯತೊಡಗಿ, ಎಲೆ ತೆಗೆದವನು ನಿಲ್ಲಿಸುವ ತನಕ ಪಕ್ಕದವನು, ಅವನು ನಿಲ್ಲಿಸುವ ತನಕ ಅವನ ಪಕ್ಕದವನು ನಿಲ್ಲಿಸಬಾರದು ಎಂದು ಬರೆದಿದ್ದೀಯಲ್ಲ, ಆ ಎಕ್ಕ ನಿನಗೆ ಬಂದರೆ ಒಂದೇ ಗುಟುಕಿಗೆ ಗ್ಲಾಸು ಕೆಳಗಿಡು; ನಿನ್ನ ಆಚೆಗೆ ಕುಳಿತ ಯಾರೋ ಒಬ್ಬರು ಅದಕ್ಕಾಗಿಯೇ ಕಾಯುತ್ತಿರಬಹುದು. ಗುಲಾಮ ಬಂದವನು ಹೊಸ ನಿಯಮ ಮಾಡಬಹುದೆಂದಿದ್ದರೆ, ನಡುವಿನ ಲೋಟಕ್ಕೆ ನೀರನ್ನಷ್ಟೇ ಸುರಿಯಬೇಕೆಂದು ನಿಯಮ ಮಾಡು. ನಮ್ಮ ಇಪ್ಪತ್ತೆಂಟರ ಗುಲಾಮ ಅಲ್ಲಿಯೂ ಒಮ್ಮೆ ರಾಜನನ್ನು ಗೆಲ್ಲಲಿ.

ಮತ್ತೆ, ಯಾರಾದರೂ ಎಬ್ಬಿಸಿದರೂ ಏಳದೆ ಬಿದ್ದಿದ್ದರೆ ಮಲಗಿ ಸುಧಾರಿಸಿಕೊಳ್ಳಲಿ ಎಂದು ಬಿಟ್ಟು ಹೋಗಬೇಡ. ಕುಡಿಯುವುದು ನಿಂತ ಮೇಲೂ ಅಮಲು ಏರುತ್ತಲೇ ಇರುತ್ತದೆ, ಕಾಫಿಯಿಂದಾಗಲಿ ತಣ್ಣೀರಿನಿಂದಾಗಲಿ ಅದು ಇಳಿಯುವುದಿಲ್ಲ. ಮಗ್ಗುಲಿಗೆ ಹೊರಳಿಸು, 999ಕ್ಕೆ ಫೋನ್ ಮಾಡು, ಪಕ್ಕದಲ್ಲೇ ಕುಳಿತಿರು. ಮರುದಿನ ನಿನ್ನನ್ನು ಆಟಕ್ಕೆ ಕರೆಯದಿದ್ದರೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ ಸರಿ, ನನಗೆ ಹೇಗೂ ನಿದ್ದೆ ಕಡಿಮೆ.

ಮುಂದಿನ ಶನಿವಾರ ಆಡಲು ಹೋದರೆ ನಾಲ್ಕನೆಯ ರಾಜ ಎಷ್ಟನೆಯ ಎಲೆಗೆ ಬಂದನೆಂದು ಎಣಿಸಿ ನನಗೆ ಬರೆ. ಯಾರಿಗೆ ಬಂದ ಎಂದು ನಾನು ಕೇಳುವುದಿಲ್ಲ. ಅಲ್ಲಿಯವರೆಗೆ ನಿನಗೆ ಎಣಿಸಲು ಆಯಿತೆಂದು ತಿಳಿದರೆ ಸಾಕು.

ಇತಿ,
ನಿನ್ನ ಮಾವ