ಒಂದೇ ಸಲದ ಸ್ನಾನ: ಗದಗಿನ ಗೆಳೆಯನಿಗೊಂದು ಪತ್ರ

ಪ್ರೀತಿಯ ದೋಸ್ತ,

ಬಾಸೆಲ್ ಮಿಶನ್ ಕಾಲದ ನಮ್ಮ ಕಡೆ ಚರ್ಚಿನ್ಯಾಗ ಕೂಸಿನ ತಲಿಗೆ ಬೊಗಸಿ ನೀರು ಹಾಕತಾರ, ಬ್ಯಾರೆ ಸಭೆಯವರು ದೊಡ್ಡವರನ್ನ ತೊಟ್ಟಿಯೊಳಗ ಪೂರಾ ಮುಳುಗಿಸತಾರ, ಖರೇ ದೀಕ್ಷಾಸ್ನಾನ, ಅಂದ್ರ ಕ್ರೈಸ್ತ ಸಭೆಗೆ ಸೇರಿಸೋ ನೀರಿನ ಸಂಸ್ಕಾರ, ಯಾವುದು ಅಂತ ಕೇಳೀದಿ. ನೀರಿನ ಲೆಕ್ಕ ಆಮ್ಯಾಲ. ಮೊದಲ ಬೇರು ನೋಡು.

ಯೆಹೂದ್ಯರೊಳಗ ಮೈಲಿಗಿ ಕಳಕೊಳ್ಳಾಕ ಹೊಂಡಕ್ಕ ಇಳಿದು ಮುಳುಗೋ ರೂಢಿ ಮೊದಲಿಂದನೂ ಇತ್ತು. ಮೈಲಿಗಿ ಆದಾಗೆಲ್ಲ ಮತ್ತ ಮುಳುಗಬೇಕು, ಅದೂ ತಾವ ಮುಳುಗಬೇಕು. ಸ್ನಾನಿಕ ಯೋಹಾನ ಯೊರ್ದನ್ ಹೊಳಿಯೊಳಗ ಇದನ್ನ ತಿರುವಿ ಹಾಕಿದ. ಪಾಪಕ್ಕ ಪಶ್ಚಾತ್ತಾಪ ಪಟ್ಟವರು ಅವನ ಕೈಯಿಂದ ಸ್ನಾನ ಪಡೀಬೇಕು. ಯೇಸು ಸುದ್ದಾ ಹಂಗ ಪಡೆದ. ಮುಂದ ಅಪೊಸ್ತಲ ಪೌಲ ಬೈಬಲ್‌ನ್ಯಾಗಿರೋ, ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯದಾಗ ಅದರ ತಿರುಳು ಹೇಳಿದ: ಇದು ಕ್ರಿಸ್ತನ ಕೂಡ ಸತ್ತು, ಹೂಳಿಸಿಕೊಂಡು, ಹೊಸ ಬದುಕಿಗೆ ಏಳೋದು. ಸಾವು ಒಮ್ಮೆ ಅಷ್ಟ, ಹಂಗಾಗಿ ಈ ಸ್ನಾನಾನೂ ಒಮ್ಮೆ ಅಷ್ಟ. ಉಳಿದ ಜಗಳ ಎಲ್ಲಾ ಇದರ ಸುತ್ತನ ತಿರಗತಾವ.

ಇನ್ನ ನೀರು. 1ನೇ ಶತಮಾನದ ಕೊನಿಗೋ 2ನೆಯದರ ಸುರುವಿಗೋ ಬರೆದ ‘ಡಿಡಾಕೆ’ ಅನ್ನೋ ಕೈಪಿಡಿ ಹಿಂಗ ಹೇಳತೈತಿ: ಹರಿಯೋ ನೀರಾದ್ರ ಚಲೋ, ಇಲ್ಲಂದ್ರ ಬ್ಯಾರೆ ನೀರು, ತಣ್ಣೀರು ಆಗದಿದ್ರ ಬಿಸಿನೀರು, ಯಾವುದೂ ಸಾಕಾಗಲಿಲ್ಲಂದ್ರ ತಲಿ ಮ್ಯಾಲ ಮೂರು ಸಲ ಸುರಿ. ಪಡೆಯೋರು ಒಂದೆರಡು ದಿನ ಮುಂಚೆ ಉಪಾಸ ಇರಬೇಕು. (ಗದಗಿನ ಬ್ಯಾಸಿಗಿ ಕಂಡವರು ಬರೆದಂಗ ಇಲ್ಲೇನು?) ಅಂದ್ರ ಬೊಗಸಿ ನೀರೂ ಹಳೇದ, ಮುಳುಗೋದೂ ಹಳೇದ.

ಕೂಸಿಗೋ ದೊಡ್ಡವರಿಗೋ ಅನ್ನೋದು ಖರೇ ತಕರಾರು. 1525ರಾಗ ಜೂರಿಕ್‌ನ್ಯಾಗ ಕೆಲವರು ದೊಡ್ಡವರಾದ ಮ್ಯಾಲ ಸ್ನಾನ ಪಡೆದ್ರು. ಎರಡನೇ ಸಲ ಮಾಡಿಸಿಕೊಂಡ್ರಿ ಅಂತ ಅವರ ಮ್ಯಾಲ ಅಪವಾದ ಬಂತು. ಕೂಸಿದ್ದಾಗ ಆದದ್ದು ಸ್ನಾನನ ಅಲ್ಲ, ನಮಗ ಇದ ಮೊದಲನೇದು ಅಂತ ಅವರು ವಾದಿಸಿದ್ರು. ನೋಡು, ಒಂದೇ ಸಲ ಅನ್ನೋದನ್ನ ಆ ಕಡೆಯವರೂ ಬಿಡಲಿಲ್ಲ, ಈ ಕಡೆಯವರೂ ಬಿಡಲಿಲ್ಲ.

ಎಲ್ಲಿ ತಪ್ಪತೈತಿ ಅಂದ್ರ, ಹೆಚ್ಚಾಗಿ ಮಾತಿನೊಳಗ. ಕಥೋಲಿಕರ ಪ್ರಕಾರ ನೀರು ಹಾಕೋರನ, ಹಾಕುವಾಗನ, ‘ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ನಿನಗೆ ದೀಕ್ಷಾಸ್ನಾನ ಮಾಡಿಸುತ್ತೇನೆ’ ಅನಬೇಕು. ‘ಮಾಡಿಸುತ್ತೇವೆ’ ಅಂದ್ರ ಅದು ಆಗಲೇ ಇಲ್ಲ ಅಂತ 2020ರಾಗ ಅವರ ಮುಖ್ಯಪೀಠ ವ್ಯಾಟಿಕನ್ ತೀರ್ಪು ಕೊಡ್ತು. ಮಾಡಿಸೋನು ಕ್ರಿಸ್ತ, ಸಭೆ ಅಲ್ಲ ಅನ್ನೋದು ಕಾರಣ. ಅಂಥವರಿಗೆ ಮೊದಲಿಂದ ಮಾಡಿಸಬೇಕಾತು. ಕಥೋಲಿಕರ ಲೆಕ್ಕದಾಗ ನೀರು ತಲಿಯ ಚರ್ಮದ ಮ್ಯಾಲ ಹರೀಬೇಕು. ಕುಂಚಿಗಿನೋ ದಟ್ಟ ಕೂದಲಾನೋ ಅಷ್ಟ ತೋಯಿಸಿದ್ರ ಸಂಶಯ ಉಳೀತೈತಿ. ಬರೇ ನೀರ ಬೇಕು, ಹಾಲು ಎಣ್ಣಿ ನಡೆಯಂಗಿಲ್ಲ. ಕೂಸಿನ ಜೀವಕ್ಕ ಬಂದಾಗ ಫಾದರ್ ಇಲ್ಲದಿದ್ರ ಅಲ್ಲಿದ್ದ ನರ್ಸಬಾಯಿ, ಕ್ರೈಸ್ತಳಲ್ಲದಿದ್ರೂ, ಸಭೆಯ ಉದ್ದೇಶ ಮನಸಿನ್ಯಾಗ ಇಟ್ಟು ಇದ ಮಾತಿನಿಂದ ಮಾಡಿಸಬಹುದು.

ಒಮ್ಮೆ ಮಾಡೋದಾಗಿದ್ದಕ್ಕ ಚರ್ಚಿನ ರಜಿಸ್ಟರಿನ್ಯಾಗ ಬರಕೊಳ್ಳತಾರ. ಮದುವಿ ಹೊತ್ತಿಗೆ ಆ ಸರ್ಟಿಫಿಕೇಟ್ ಕೇಳತಾರ. ದಾಖಲೆ ಸಿಗಲಿಲ್ಲ, ಸಾಕ್ಷಿನೂ ಇಲ್ಲಂದ್ರ ಕಥೋಲಿಕರು ‘ನಿನಗೆ ಇದು ಆಗಿರದಿದ್ದರೆ’ ಅಂತ ಷರತ್ತು ಹಾಕಿ ನೀರು ಹಾಕತಾರ.

ನಿನ್ನ
ಹುಬ್ಬಳ್ಳಿ ದೋಸ್ತ